ಸಲೀಸಾಗಿ ಒಳಹೋದ ಮೂರನೇ ಪ್ಲಗ್

ಆ ಕಬ್ಬಿಣದ ಬ್ಲಾಕು ಮುದ್ದೇಬಿಹಾಳದ ನಮ್ಮ ವರ್ಕ್‌ಶಾಪಿಗೆ ಬಂದಾಗ ಗೋಣಿಚೀಲದಲ್ಲಿ ಸುತ್ತಿಕೊಂಡಿತ್ತು. ಚೀಲ ಎಣ್ಣೆ ಕುಡಿದು ಕಪ್ಪಾಗಿತ್ತು. ಇಂಡಿ ಕಡೆಯಿಂದ ಅದನ್ನು ಸಣ್ಣ ಟೆಂಪೋದಲ್ಲಿ ಹಾಕಿಕೊಂಡು ಇಬ್ಬರು ಬಂದಿದ್ದರು. ಒಬ್ಬರು ಕಬ್ಬು ಕಡಿಯುವ ಯಂತ್ರದ ಮಾಲೀಕರು. ಇನ್ನೊಬ್ಬ ಅದನ್ನು ಓಡಿಸುವ ಆಪರೇಟರ್, ಗೊಳಸಂಗಿಯವನು. ಅವನ ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು ಸುತ್ತಿತ್ತು.

"ಮೇಡಮ್ಮರ, ಇದರಾಗಿನ ಒಂದು ಪ್ಲಗ್ ಹಾರೇತ್ರಿ," ಅಂದರು ಮಾಲೀಕರು. "ಇನ್ನೆರಡು ಎಣ್ಣಿ ಬಸಿಯಾಕತ್ತಾವ. ಹೊಸಾ ಬ್ಲಾಕ್ ಹೊರದೇಶದಿಂದ ಬರಬೇಕಂತ. ಅದು ಬರೂದ್ರಾಗ ಹಂಗಾಮ ಮುಗದ ಹೋಗ್ತೈತಿ."

ಏನಾಯಿತು ಅಂತ ಆಪರೇಟರನನ್ನು ಕೇಳಿದೆ.

"ಮಶೀನಿನ ಏಣಿ ಏರಾಕತ್ತಿದ್ನಿರಿ. ಠಪ್ ಅಂತ ಸಪ್ಪಳಾತು. ಕಿವಿ ಬಾಜೂಕ ಏನೋ ಹೋತು. ಆಮ್ಯಾಲ ಬಿಸಿ ಎಣ್ಣಿ ಕೈಮ್ಯಾಲ ಬಿತ್ತು." ಅಷ್ಟು ಹೇಳಿ ಹೊರಗೆ ಹೋಗಿ ಟೆಂಪೋದ ಪಕ್ಕ ನಿಂತ.

ಅವನು ಹೋದ ಮೇಲೆ ಮಾಲೀಕರು ದನಿ ತಗ್ಗಿಸಿದರು. "ಇನ್ನ ಏರೂದಿಲ್ಲ ಅಂತಾನ್ರಿ. ಅವನಂಥ ಆಪರೇಟರ್ ನಮ್ಮ ಕಡೆ ಸಿಗೂದಿಲ್ಲ. ಬ್ಲಾಕ್ ಹೋದರ ಹೋತು, ಇವ ಹೋದರ ನನ್ನ ಮಶೀನು ಬರೇ ಕಬ್ಬಿಣ."

ಬ್ಲಾಕನ್ನು ಮೇಜಿನ ಮೇಲಿಟ್ಟು ಡೀಸೆಲ್‌ನಲ್ಲಿ ತೊಳೆದೆ. ಯಂತ್ರದ ಎಣ್ಣೆಯೆಲ್ಲ ಇದರ ಮೂಲಕವೇ ಹರಿಯಬೇಕು. ಕಬ್ಬು ಕಡಿಯುವ ಅಲಗು, ಎತ್ತುವ ಪಟ್ಟಿ, ತಿರುಗುವ ತಲೆ, ಯಾವುದಕ್ಕೆ ಎಷ್ಟು ಎಣ್ಣೆ ಅನ್ನುವುದನ್ನು ಇದರೊಳಗಿನ ದಾರಿಗಳು ಹಂಚುತ್ತವೆ. ಆ ದಾರಿಗಳನ್ನು ಮಾಡುವಾಗ ಹೊರಗಿನಿಂದಲೇ ಡ್ರಿಲ್ ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ಆ ತೂತುಗಳ ಬಾಯನ್ನು ಉಕ್ಕಿನ ಪ್ಲಗ್‌ನಿಂದ ಮುಚ್ಚುತ್ತಾರೆ. ಈ ಬ್ಲಾಕಿನಲ್ಲಿ ಪ್ಲಗ್‌ಗೆ ತಿರುಪಿನ ಮರೆಯೂ ಇಲ್ಲ, ಅಂಟೂ ಇಲ್ಲ. ತೂತಿಗಿಂತ ಕೂದಲೆಳೆಯಷ್ಟು ದಪ್ಪ ಇರುವ ಪ್ಲಗ್ಗನ್ನು ಬಲದಿಂದ ಒಳಗೆ ಒತ್ತಿರುತ್ತಾರೆ. ಆ ಬಿಗಿಯೇ ಅದನ್ನು ಹಿಡಿದಿಡುವುದು.

ಸಿಂದಗಿಯಲ್ಲಿ ಯಾರೋ ವೆಲ್ಡಿಂಗ್ ಮಾಡಿಬಿಡೋಣ ಅಂದಿದ್ದರಂತೆ. ಮಾಲೀಕರು ಅದನ್ನೇ ಕೇಳಿದರು. ಆಗುವುದಿಲ್ಲ ಅಂದೆ. ಆ ಕಾವಿಗೆ ಪಕ್ಕದಲ್ಲಿ ಸರಿದಾಡುವ ವಾಲ್ವಿನ ದಾರಿ ಸೊಟ್ಟಗಾದರೆ ಬ್ಲಾಕು ಯಾವುದಕ್ಕೂ ಬರುವುದಿಲ್ಲ. ಹೊಸ ಪ್ಲಗ್ ಮಾಡಿ ಒತ್ತಬೇಕು, ಬೇರೆ ದಾರಿ ಇಲ್ಲ.

"ಒತ್ರಿ ಮತ್ತ. ನಿಮ್ಮ ಹತ್ರ ಇಪ್ಪತ್ತು ಟನ್ನಿನ ಪ್ರೆಸ್ ಐತೆಲ್ಲ."

ಇತ್ತು. ಅದೇ ನನ್ನ ಚಿಂತೆಯಾಗಿತ್ತು.

ನಮ್ಮ ಅಬ್ಬಾ ಕಟ್ಟಿದ ಈ ವರ್ಕ್‌ಶಾಪಿನಲ್ಲಿ ಬುಶ್ಶು, ಬೇರಿಂಗು ಒತ್ತುವಾಗ ಯಾರೂ ಲೆಕ್ಕ ಹಾಕುವುದಿಲ್ಲ. ಹೋಗುವತನಕ ಒತ್ತುತ್ತೇವೆ. ಇಲ್ಲಿ ಹಾಗಾಗುವುದಿಲ್ಲ. ಬಲ ಹೆಚ್ಚಾದರೆ ಎರಕದ ಬ್ಲಾಕು ಸೀಳುತ್ತದೆ. ಕಡಿಮೆಯಾದರೆ ಪ್ಲಗ್ ಮತ್ತೆ ಹಾರುತ್ತದೆ. ಒಳಗೆ ಹೋಗುವಾಗ ಎಷ್ಟು ಹಟ ಮಾಡುತ್ತದೋ, ಹೊರಗೆ ಬರುವಾಗಲೂ ಹೆಚ್ಚುಕಡಿಮೆ ಅಷ್ಟೇ ಹಟ ಮಾಡುತ್ತದೆ. ಹಾಗಾಗಿ ಒತ್ತುವ ಬಲವನ್ನು ಮೊದಲೇ ಅಂದಾಜು ಮಾಡಿಕೊಂಡು, ಒತ್ತುವಾಗ ಅದನ್ನು ಅಳೆದರೆ, ಆ ಪ್ಲಗ್ ನಿಲ್ಲುತ್ತದೋ ಇಲ್ಲವೋ ಎಂದು ಯಂತ್ರ ಶುರು ಮಾಡುವ ಮೊದಲೇ ಹೇಳಬಹುದು.

ತೂತು ಹನ್ನೆರಡು ಮಿಲಿಮೀಟರ್. ಎಣ್ಣೆಯ ಒತ್ತಡ ಹೆಚ್ಚೆಂದರೆ ಚದರ ಸೆಂಟಿಮೀಟರಿಗೆ ಇನ್ನೂರೈವತ್ತು ಕೆ.ಜಿ. ಅಂದರೆ ಎಣ್ಣೆ ಒಳಗಿನಿಂದ ಪ್ಲಗ್ಗನ್ನು ಸುಮಾರು ಇನ್ನೂರ ಎಂಬತ್ತು ಕೆ.ಜಿ. ಬಲದಿಂದ ತಳ್ಳುತ್ತದೆ. ಪ್ಲಗ್‌ನ ಹಿಡಿತ ಇದರ ಎರಡು ಪಟ್ಟಾದರೂ ಇರಬೇಕು.

ಇನ್ನು ಹಿಡಿತದ ಲೆಕ್ಕ. ಪ್ಲಗ್ ತೂತಿಗಿಂತ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ದಪ್ಪ ಇದ್ದರೆ ಸುತ್ತಲಿನ ಕಬ್ಬಿಣ ಅದನ್ನು ಎಷ್ಟು ಹಿಂಡುತ್ತದೆ ಎಂದು ತೆಗೆದೆ. ಚದರ ಸೆಂಟಿಮೀಟರಿಗೆ ಸುಮಾರು ಸಾವಿರದ ಮುನ್ನೂರ ಐವತ್ತು ಕೆ.ಜಿ. ಬಂತು. ಅದನ್ನು ಪ್ಲಗ್‌ನ ತಾಗುವ ಮೈಯಿಂದ ಗುಣಿಸಿ, ಘರ್ಷಣೆಯ ಅಂಶ ಹಾಕಿದರೆ ಎಂಟುನೂರ ಐವತ್ತು ಕೆ.ಜಿ. ಅದು ಸುತ್ತ ದಪ್ಪ ಕಬ್ಬಿಣ ಇರುವ ಎರಡು ತೂತುಗಳಿಗೆ. ಪ್ಲಗ್ ಹಾರಿಹೋದ ಮೂರನೇ ತೂತಿನ ಒಂದು ಬದಿಗೆ ಬರೀ ನಾಲ್ಕು ಮಿಲಿಮೀಟರಿನ ಗೋಡೆ. ತೆಳು ಗೋಡೆ ಅಷ್ಟು ಹಿಂಡುವುದಿಲ್ಲ, ಬಾಗಿ ಜಾಗ ಕೊಡುತ್ತದೆ. ಅಲ್ಲಿ ಆರುನೂರರ ಸುತ್ತ ಬರಬೇಕು. ಬಿಗಿಯನ್ನು ಇಮ್ಮಡಿ ಮಾಡಿದರೆ ಆ ಗೋಡೆ ಸೀಳುವ ಹತ್ತಿರ ಹೋಗುತ್ತದೆ ಅನ್ನುವುದೂ ಲೆಕ್ಕದಲ್ಲಿ ಕಂಡಿತು.

ಆದರೆ ಘರ್ಷಣೆಯ ಅಂಶ ಪುಸ್ತಕದ್ದು. ಎಣ್ಣೆ ಸವರಿದರೆ ಒಂದು, ಒಣಗಿದ್ದರೆ ಇನ್ನೊಂದು. ಅದನ್ನು ಬದಲಿಸಿದರೆ ನನ್ನ ಉತ್ತರ ಅರ್ಧ ಟನ್ನಿನಿಂದ ಒಂದೂವರೆ ಟನ್ನಿನವರೆಗೆ ಓಡಾಡುತ್ತಿತ್ತು. ಒತ್ತಿ ನೋಡದೆ ಗತಿ ಇರಲಿಲ್ಲ.

ಒತ್ತಲು ಹೋದಾಗ ಮೊದಲ ತೊಡಕು. ಇಪ್ಪತ್ತು ಟನ್ನಿನ ಪ್ರೆಸ್ಸಿನ ಮೀಟರಿನಲ್ಲಿ ಒಂದು ಟನ್ನು ಅಂದರೆ ಮುಳ್ಳು ಮಲಗಿದಲ್ಲಿಂದ ಅಲುಗಿತೋ ಇಲ್ಲವೋ ಅನ್ನುವಷ್ಟು. ಐನೂರಕ್ಕೂ ಎಂಟುನೂರಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅಬ್ಬಾನ ಕಾಲದಿಂದ ನಮ್ಮಲ್ಲಿರುವ ಫಿಟರ್ ಮಾಮಾ ಕಣ್ಣು ಕಿರಿದು ಮಾಡಿ ಮುಳ್ಳನ್ನು ನೋಡಿ, "ಇದು ಆನಿ ತೂಗು ತಕ್ಕಡ್ಯಾಗ ಬೆಳ್ಳಿ ತೂಗಿದಂಗಾತ ತಂಗೀ," ಅಂದ.

ಅವನ ಮಾತಿಗೆ ನಗುತ್ತಲೇ ನನಗೆ ಮಾರ್ಕೆಟ್ ಯಾರ್ಡು ನೆನಪಾಯಿತು. ಅಲ್ಲಿನ ಅಡತಿ ಅಂಗಡಿಗಳಲ್ಲಿ ಚೀಲ ತೂಗಲು ಕೊಕ್ಕೆಯ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ. ಚೀಲ ತೂಗುಹಾಕಿದರೆ ತೂಕ ಅಂಕಿಯಲ್ಲಿ ಕಾಣುತ್ತದೆ. ಒಂದು ಕಬ್ಬಿಣದ ತೊಲೆಯ ಒಂದು ತುದಿಯನ್ನು ಪ್ರೆಸ್ಸಿನ ಕಂಬಕ್ಕೆ ಪಿನ್ನಿನಿಂದ ಕಟ್ಟಿ, ಆ ಪಿನ್ನಿನ ಹತ್ತಿರವೇ ಪ್ಲಗ್ ಒತ್ತುವ ಗುಂಡು ಇಟ್ಟು, ದೂರದ ತುದಿಯನ್ನು ಚೈನ್‌ಪುಲ್ಲಿಯಿಂದ ಕೆಳಗೆ ಎಳೆದರೆ? ಅಂತರ ಹತ್ತಕ್ಕೊಂದು ಇಟ್ಟರೆ, ಚೈನಿಗೂ ತೊಲೆಗೂ ನಡುವೆ ಸಿಕ್ಕಿಸಿದ ತಕ್ಕಡಿ ಎಪ್ಪತ್ತು ತೋರಿಸಿದಾಗ ಪ್ಲಗ್ ಮೇಲೆ ಏಳುನೂರು.

ಅಬ್ಬಾನ ದೋಸ್ತರಾದ ಅಡತಿಯವರು ಕೊಕ್ಕೆ ತಕ್ಕಡಿಯನ್ನು ಕೈಗೆ ಕೊಡುವಾಗ, "ತೊಗರಿ ಬರಾಕ ಸುರು ಆಗೇತಿ ಬೇಟಾ. ತೂಗಾಕ ಬೇಕಾದಾಗ ಕಳಸ್ಬೇಕ ನೋಡು," ಅಂದರು. ನಮ್ಮ ತೊಲೆಯನ್ನು ಅವರ ಅಂಗಡಿಗೇ ಒಯ್ದು, ಅಲ್ಲಿನ ದೊಡ್ಡ ಚಪ್ಪಟೆ ತಕ್ಕಡಿಯ ಮೇಲೂ ಒತ್ತಿಸಿ ನೋಡಿದೆ. ತೊಲೆಯ ಸ್ವಂತ ಭಾರ ಕಳೆದರೆ ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಹಮಾಲರು ಸುತ್ತ ನಿಂತು, ಚೀಲವೇ ಇಲ್ಲದೆ ಇವರು ಏನು ತೂಗುತ್ತಿದ್ದಾರೆ ಎಂದು ನೋಡಿದರು.

ಗುಜರಿಯಲ್ಲಿ ಅದೇ ಜಾತಿಯ ಎರಕದ ಒಂದು ಹಳೆಯ ವಾಲ್ವ್ ಸಿಕ್ಕಿತು. ಅದರಲ್ಲಿ ಹನ್ನೆರಡರ ತೂತು ಕೊರೆದು, ರೀಮರ್ ಹಾಕಿ ನಯ ಮಾಡಿ, ಲೇತಿನಲ್ಲಿ ಪ್ಲಗ್‌ಗಳನ್ನು ತಿರುವಿದೆವು. ಮೊದಲನೆಯದನ್ನು ಒಣಗಿದ್ದಂತೆಯೇ ಒತ್ತಿದೆವು. ಅರ್ಧ ಹೋಗುವಷ್ಟರಲ್ಲಿ ಕಿರ್ರೆಂದು ಚೀರಿತು. ಅಂಕಿ ಸಾವಿರದ ಮುನ್ನೂರು ದಾಟಿತು. ಕತ್ತರಿಸಿ ನೋಡಿದರೆ ಪ್ಲಗ್‌ನ ಮೈಯೆಲ್ಲ ಉದ್ದುದ್ದ ಗೀರು. ಆ ಗೀರಿನಲ್ಲಿ ಎಣ್ಣೆಗೆ ದಾರಿ ಸಿಗುತ್ತದೆ. ಬಲ ಜಾಸ್ತಿ ಬಂದ ಮಾತ್ರಕ್ಕೆ ಬಿಗಿ ಒಳ್ಳೆಯದು ಅಂತಲ್ಲ.

ಪ್ಲಗ್‌ನ ಮುಂದಿನ ಅಂಚನ್ನು ಇಳಿಜಾರು ಮಾಡಿ, ಎಣ್ಣೆ ಸವರಿ, ಮತ್ತೆ ಒತ್ತಿದೆವು. ಈ ಸಲ ಸದ್ದಿಲ್ಲ. ಅಂಕಿ ಮೆಟ್ಟಿಲು ಹತ್ತಿದ ಹಾಗೆ ಏರಿ ಏಳುನೂರರ ಮೇಲೆ ಎಂಟುನೂರ ಐವತ್ತರ ಒಳಗೆ ನಿಂತಿತು. ಹಲವು ಸಲ ಮಾಡಿದರೂ ಅಷ್ಟೇ. ಆ ಏರಿಕೆಯನ್ನು ಗಮನಿಸಿದೆ. ಪ್ಲಗ್ ಕಾಲುಭಾಗ ಹೋದಾಗ ಕೊನೆಯ ಬಲದ ಕಾಲುಭಾಗ, ಅರ್ಧ ಹೋದಾಗ ಅರ್ಧ. ತಾಗುವ ಮೈ ಹೆಚ್ಚಿದಂತೆ ಬಲವೂ ಹೆಚ್ಚುತ್ತಿತ್ತು. ಬ್ಲಾಕಿನಲ್ಲೂ ಹೀಗೇ ಏರಬೇಕು.

ಒತ್ತುವ ದಿನ ಮಾಲೀಕರೂ ಆಪರೇಟರನೂ ಬೆಳಗ್ಗೆಯೇ ಬಂದರು. ಟೆಂಪೋವನ್ನು ಹೊರಗೆ ನಿಲ್ಲಿಸಿಕೊಂಡೇ ಇದ್ದರು. ಸಕ್ಕರೆ ಕಾರ್ಖಾನೆಯವರು ಇವರ ಯಂತ್ರಕ್ಕೆ ಹಂಚಿಕೊಟ್ಟ ಹೊಲಗಳಲ್ಲಿ ಕಬ್ಬು ಹೂವಾಗಿ ನಿಂತಿತ್ತು. ಇನ್ನು ತಡವಾದರೆ ಆ ಪಾಳಿ ಬೇರೆ ಯಂತ್ರಕ್ಕೆ ಹೋಗುವುದಿತ್ತು.

ಬಸಿಯುತ್ತಿದ್ದ ಹಳೆಯ ಪ್ಲಗ್ ತೆಗೆದಿಟ್ಟಿದ್ದ, ದಪ್ಪ ಗೋಡೆಯ ಎರಡು ತೂತು ಮೊದಲು. ಫಿಟರ್ ಮಾಮಾ ಚೈನ್ ಎಳೆಯುತ್ತಿದ್ದ, ನಾನು ಅಂಕಿ ಓದುತ್ತಿದ್ದೆ. ಮೊದಲನೆಯದು ಏಳುನೂರ ಅರವತ್ತಕ್ಕೆ ಕೂತಿತು. ಎರಡನೆಯದು ಎಂಟುನೂರಕ್ಕೆ. ಮಾಲೀಕರು ಚಹಾ ತರಿಸಿದರು.

ಮೂರನೆಯದು ಏಣಿಯ ಕಡೆ ಮುಖ ಮಾಡಿದ್ದು, ಹಾರಿಹೋದದ್ದು. ಅದಕ್ಕೆ ಆರುನೂರರ ನಿರೀಕ್ಷೆ. ಗೋಡೆ ಸೀಳುತ್ತದೋ ಏನೋ ಎಂದು ಒಂದು ಕಣ್ಣು ಅದರ ಮೇಲೂ ಇಟ್ಟಿದ್ದೆ. ಅಂಕಿ ಏರಿತು. ನೂರು, ನೂರೈವತ್ತು, ಇನ್ನೂರು. ಆಮೇಲೆ ಏರುವುದನ್ನು ನಿಲ್ಲಿಸಿತು. ಪ್ಲಗ್ ಮಾತ್ರ ಸರಿಯುತ್ತಲೇ ಇತ್ತು. ಕೊನೆಗೆ ಇನ್ನೂರ ಅರವತ್ತಕ್ಕೆ ತಳ ಮುಟ್ಟಿ ಕೂತಿತು.

"ಬೆಣ್ಯಾಗ ಹೋದಂಗ ಹೋತು!" ಎಂದು ಮಾಲೀಕರು ಚಪ್ಪಾಳೆ ತಟ್ಟಿದರು. ಸೀಳು ಬಿಟ್ಟಿದೆಯೇ ಎಂದು ಫಿಟರ್ ಮಾಮಾ ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದ. ಕೂದಲಷ್ಟೂ ಇರಲಿಲ್ಲ. ನೋಡಲು ಮೂರೂ ಪ್ಲಗ್ ಒಂದೇ ತರ ಕೂತಿದ್ದವು.

ನಾನು ಮಾತ್ರ ತಕ್ಕಡಿಯ ಅಂಕಿಯನ್ನು ಮತ್ತೊಮ್ಮೆ ಓದಿದೆ. ಎಣ್ಣೆ ಇದನ್ನು ಇನ್ನೂರ ಎಂಬತ್ತರಿಂದ ತಳ್ಳುತ್ತದೆ. ಹಿಡಿದಿರುವುದು ಇನ್ನೂರ ಅರವತ್ತು.

"ಇದನ್ನ ತಗೀಬೇಕ್ರಿ," ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ನಾನು ಮತ್ತೆ ಹೇಳಿದೆ.

"ಒಳಗ ಹೋಗಿ ಕುಂತ ಪ್ಲಗ್ ಯಾಕ ತಗೀತೀರಿ ಮೇಡಮ್ಮರ?" ಮಾಲೀಕರ ದನಿ ಏರಿತು. "ಸೀಳಿಲ್ಲ, ಏನಿಲ್ಲ. ಟೆಂಪೋ ನಿಂತೈತಿ. ಅಲ್ಲಿ ಕಾರ್ಖಾನ್ಯಾಗ ನನ್ನ ಪಾಳಿ ಬ್ಯಾರೇದವರಿಗಿ ಕೊಡಾಕ ಕುಂತಾರ."

"ಹಗುರ ಹೋತ್ರಿ ಅದು. ಹೋಗಬಾರದಿತ್ತು."

"ಹಗುರ ಹೋದರ ಛಲೋ ಆತಲ್ರಿ!"

ಫಿಟರ್ ಮಾಮಾ ನಡುವೆ ಬಂದ. "ತಂಗೀ, ತೂತಿನ ಬಾಯಿ ಸುತ್ತ ಪಂಚ್ ಹೊಡದು ಅಂಚು ಮಡಚೂಣು. ಹೊರಗ ಬರೂದಿಲ್ಲ." ಸಾಮಾನ್ಯ ಕೆಲಸಕ್ಕೆ ನಾವು ಹಾಗೆ ಮಾಡುತ್ತೇವೆ. ಆದರೆ ಪಕ್ಕದಲ್ಲೇ ನಾಲ್ಕು ಮಿಲಿಮೀಟರಿನ ಗೋಡೆ. ಪಂಚ್ ಏಟಿಗೆ ಅದು ಬಿರಿದರೆ? ತೆಗೆಯುವುದೂ ಸುಲಭವಿರಲಿಲ್ಲ. ಕೂತ ಪ್ಲಗ್‌ಗೆ ಡ್ರಿಲ್ ಹಾಕುವಾಗ ಕೈ ಜಾರಿದರೆ ಬ್ಲಾಕೇ ಕೆಡುತ್ತದೆ. ಕೆಡಿಸಿದ್ದು ನಾನೇ ಆಗುತ್ತೇನೆ. ಬಿಟ್ಟುಬಿಟ್ಟರೆ ಬಹುಶಃ ಹಂಗಾಮು ಪೂರ್ತಿ ಏನೂ ಆಗದೇ ಇರಬಹುದು. ಎಣ್ಣೆಯ ಒತ್ತಡ ಯಾವಾಗಲೂ ಮೇಲಿನ ಮಿತಿಗೆ ಹೋಗುವುದಿಲ್ಲವಲ್ಲ.

ಹಾಗೆ ಯೋಚಿಸುತ್ತಲೇ ತಲೆ ಎತ್ತಿದೆ. ಆಪರೇಟರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದ. ಬ್ಲಾಕಿನ ಕಡೆ ಅವನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಇಂವ ದಿನಾ ಏರೂದು ಈ ಪ್ಲಗ್ ಮುಂದಿಂದರಿ," ಅಂದೆ ಮಾಲೀಕರಿಗೆ. "ಇದು ನಿಂದರ್ತೈತಿ ಅಂತ ನಾ ಹೇಳಾಕ ಆಗೂದಿಲ್ಲ. ಬೇಕಾದರ ಬ್ಲಾಕ್ ಹಿಂಗೇ ಒಯ್ಯಿರಿ, ಆದರ ಮಶೀನಿಗಿ ಹಾಕಬ್ಯಾಡ್ರಿ. ಹಾಕೂದಿದ್ದರ ಇದನ್ನ ತಗೀಬೇಕು."

ಮಾಲೀಕರು ಎದ್ದು ಹೊರಗೆ ಹೋದರು. ಟೆಂಪೋದವನೊಂದಿಗೆ ಏನೋ ಮಾತಾಡಿದರು. ಟೆಂಪೋ ಖಾಲಿ ಹೊರಟುಹೋಯಿತು. ಒಳಗೆ ಬಂದವರು ಕುರ್ಚಿ ಎಳೆದುಕೊಂಡು, "ತಗೀರಿ," ಅಂದರಷ್ಟೇ.

ಒಳದಾರಿಗೆ ಚೂರು ಬೀಳದಂತೆ ಗ್ರೀಸ್ ತುಂಬಿದೆವು. ಪ್ಲಗ್‌ನ ನಡುವೆ ಸಣ್ಣ ತೂತು, ಆರ್‌ಪಾರ್ ಆಗದಂತೆ ಕೊರೆದು, ತಿರುಪಿನ ಮರೆ ಹಾಕಿ, ಅದಕ್ಕೊಂದು ಬೋಲ್ಟು ತಿರುಗಿಸಿದೆವು. ತೊಲೆಯನ್ನು ತಿರುವಿ ಹಾಕಿ ಅದೇ ತಕ್ಕಡಿಯಿಂದ ಮೇಲಕ್ಕೆ ಎಳೆದೆವು. ಇನ್ನೂರ ನಲವತ್ತಕ್ಕೇ ಪ್ಲಗ್ ಜಾರಿಬಂತು. ಮಾಲೀಕರು ಕುರ್ಚಿಯಿಂದ ಎದ್ದು ಬಂದು ತಕ್ಕಡಿಯ ಅಂಕಿಯನ್ನು ತಾವೇ ಓದಿದರು. "ಎಣ್ಣಿ ಎಷ್ಟರಿಂದ ನೂಕತೈತಿ ಅಂದ್ರಿ?" ಎಂದು ಕೇಳಿದರು. ಹೇಳಿದೆ. ಮತ್ತೆ ಅವರು ಅವಸರದ ಮಾತೆತ್ತಲಿಲ್ಲ.

ತೂತಿನ ಬಾಯಿಯ ಅಳತೆ ಸರಿ ಇತ್ತು. ಒತ್ತುವ ಮೊದಲೂ ಸರಿ ಬಂದಿತ್ತು. ಆದರೆ ಪಕ್ಕದ ಉಬ್ಬಿಗೆ ತಾಗಿ ಅಳೆಯುವ ಗೇಜಿನ ಹಿಡಿಕೆ ಒಳಗೆ ಹೋಗುತ್ತಿರಲಿಲ್ಲ, ಹಾಗಾಗಿ ನಾನು ಬಾಯಿಯ ಹತ್ತಿರ ಮಾತ್ರ ಅಳೆದಿದ್ದೆ. ಈಗ ಲೇತಿನಲ್ಲಿ ಬೇರೆಬೇರೆ ದಪ್ಪದ ತೆಳು ಬಿಲ್ಲೆಗಳನ್ನು ತಿರುವಿ, ಕಡ್ಡಿಗೆ ಸಿಕ್ಕಿಸಿ ಒಂದೊಂದಾಗಿ ಇಳಿಸಿದೆವು. ಬಾಯಲ್ಲಿ ಬಿಗಿಯಾಗಿ ಇಳಿದ ಬಿಲ್ಲೆ ಒಳಗೆ ಹೋಗುತ್ತಲೇ ಗಲಗಲ ಅಲುಗಾಡಿತು. ಸಣ್ಣ ಕನ್ನಡಿ, ಟಾರ್ಚು ಹಿಡಿದು ನೋಡಿದರೆ ಒಳಮೈಯಲ್ಲಿ ಅಡ್ಡಡ್ಡ ಗೆರೆ. ಯಂತ್ರ ಸೆಕೆಂಡ್ ಹ್ಯಾಂಡ್. ಹಿಂದೆ ಯಾರೋ ಯಾವುದೋ ಊರಿನಲ್ಲಿ ಈ ಪ್ಲಗ್ ಬದಲಿಸುವಾಗ ಕಡ್ಡಿಗೆ ಎಮರಿ ಕಾಗದ ಸುತ್ತಿ ಒಳಗೆ ತಿಕ್ಕಿದ್ದಿರಬೇಕು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮೊದಲ ಪ್ಲಗ್ ಯಾಕೆ ಹಾರಿತು ಅನ್ನುವುದಕ್ಕೂ ಅಲ್ಲೇ ಉತ್ತರ ಸಿಕ್ಕಿತು.

ತೂತನ್ನು ಹನ್ನೆರಡೂವರೆಗೆ ಹಿಗ್ಗಿಸಿದರೆ ಮಾತ್ರ ಒಳಮೈ ನೆಟ್ಟಗಾಗುತ್ತಿತ್ತು. ಗೋಡೆ ಇನ್ನೂ ತೆಳುವಾಗುತ್ತದೆ. ಅದಕ್ಕೇ ಬಿಗಿಯನ್ನು ನೂರರಲ್ಲಿ ಒಂದೂವರೆ ಪಾಲಿಗೆ ಇಳಿಸಿ, ಪ್ಲಗ್ಗನ್ನು ಉದ್ದ ಮಾಡಿದೆ. ಗೋಡೆಯ ಮೇಲೆ ಭಾರ ಕಡಿಮೆ, ತಾಗುವ ಮೈ ಜಾಸ್ತಿ. ಅಂದಾಜು ಐನೂರ ಐವತ್ತರ ಸುತ್ತ ಬಂತು. ದೊಡ್ಡ ತೂತಾದ್ದರಿಂದ ಎಣ್ಣೆಯೂ ಈಗ ಮುನ್ನೂರಕ್ಕೆ ತುಸು ಮೇಲೆ ತಳ್ಳುತ್ತದೆ. ನಾನು ಬಯಸಿದ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ. ಅದನ್ನು ಹಾಗೇ ಮಾಲೀಕರಿಗೆ ಹೇಳಿದೆ.

"ಹೊರಗಿಂದ ಒಂದು ಪಟ್ಟಿ ಅಡ್ಡ ಹಾಕೂಣು," ಅಂದ ಫಿಟರ್ ಮಾಮಾ. "ಬ್ಲಾಕಿನ ಆ ಬಾಜೂಕ ಎರಡು ಬೋಲ್ಟಿನ ತೂತು ಖಾಲಿ ಅದಾವ ನೋಡು." ನಿಜವಾಗಿಯೂ ಇದ್ದವು. ಹೊಸದಾಗಿ ಏನನ್ನೂ ಕೊರೆಯಬೇಕಿರಲಿಲ್ಲ. ಪ್ಲಗ್ ಒಂದು ವೇಳೆ ಸರಿದರೂ ದಪ್ಪ ಉಕ್ಕಿನ ಪಟ್ಟಿ ತಡೆಯುತ್ತದೆ. ಒಪ್ಪಿದೆ. ಆದರೆ ಪರೀಕ್ಷೆ ಮಾತ್ರ ಪಟ್ಟಿ ಇಲ್ಲದೇ ಆಗಬೇಕು ಅಂದೆ.

ರೀಮರನ್ನು ಕೈಯಿಂದಲೇ, ದಾರಿ ತಪ್ಪದಂತೆ ಬುಶ್ಶಿನೊಳಗಿಂದ ತಿರುಗಿಸಿದೆವು. ಆತುರ ಮಾಡಲಿಲ್ಲ. ಪ್ರತಿ ಸುತ್ತಿಗೂ ತೆಗೆದು ಒರೆಸಿ, ಬಿಲ್ಲೆ ಇಳಿಸಿ ನೋಡಿ, ಮತ್ತೆ ತಿರುಗಿಸುತ್ತಿದ್ದೆವು. ಈ ಸಲ ಬಾಯಿಂದ ತಳದವರೆಗೆ ಬಿಲ್ಲೆ ಒಂದೇ ಬಿಗಿಯಲ್ಲಿ ಇಳಿಯಿತು. ಅಷ್ಟರಲ್ಲಿ ಅಡತಿಯವರು ತಕ್ಕಡಿಗೆ ಹೇಳಿಕಳಿಸಿದರು. ಕೊಟ್ಟು, ಅವರ ತೊಗರಿ ತೂಗಿ ಮುಗಿದ ಮೇಲೆ ಮತ್ತೆ ತಂದು ಮರುದಿನ ಪ್ಲಗ್ ಒತ್ತಿದೆವು. ಮೆಟ್ಟಿಲು ಮೆಟ್ಟಿಲಾಗಿ ಅಂಕಿ ಏರಿತು. ಅರ್ಧಕ್ಕೆ ಇನ್ನೂರ ತೊಂಬತ್ತು. ಕೊನೆಗೆ ಐನೂರ ಎಂಬತ್ತು. ಗೋಡೆಯ ಮೇಲೆ ಬಣ್ಣದ ದ್ರಾವಣ ಸವರಿ, ಒರೆಸಿ ನೋಡಿದೆವು. ಸೀಳಿನ ಗೆರೆ ಮೂಡಲಿಲ್ಲ.

ಬ್ಲಾಕನ್ನು ಹಿತ್ತಲಿನ ಗುಂಡಿಯಲ್ಲಿಟ್ಟು, ಮೇಲೆ ದಪ್ಪ ತಗಡು ಮುಚ್ಚಿ, ಕೈಪಂಪಿನಿಂದ ಎಣ್ಣೆಯ ಒತ್ತಡ ಏರಿಸಿದೆವು. ಇನ್ನೂರೈವತ್ತು ದಾಟಿಸಿ ಮುನ್ನೂರೈವತ್ತಕ್ಕೆ ನಿಲ್ಲಿಸಿದೆ. ಮುಳ್ಳು ಇಟ್ಟಲ್ಲೇ ನಿಂತಿತ್ತು. ಮಾಲೀಕರು ಒಂದು ಮೂಲೆಯಲ್ಲಿ, ಆಪರೇಟರ್ ಇನ್ನೊಂದು ಮೂಲೆಯಲ್ಲಿ. ಒತ್ತಡ ಇಳಿಸಿ ತಗಡು ತೆಗೆದಾಗ ಮೂರು ಪ್ಲಗ್‌ಗಳೂ ಒಣಗಿದ್ದವು. ಒಳದಾರಿಗಳನ್ನು ನೀರಿನಂತೆ ತೆಳು ಎಣ್ಣೆಯಿಂದ ಮತ್ತೆ ಮತ್ತೆ ತೊಳೆದು, ಪಟ್ಟಿ ಬಿಗಿದು, ಬ್ಲಾಕನ್ನು ಕಳಿಸಿಕೊಟ್ಟೆ.

ಯಂತ್ರ ಶುರು ಮಾಡುವ ದಿನ ನಾನೂ ಬರುತ್ತೇನೆ ಎಂದಿದ್ದೆ. ತಾಳಿಕೋಟಿ, ಸಿಂದಗಿ ಮೇಲೆ ಬಸ್ಸು ಬದಲಿಸುತ್ತಾ ಇಂಡಿಗೆ ಹೋದೆ. ಮಾಲೀಕರು ಮೋಟರ್‌ಸೈಕಲ್ ಮೇಲೆ ಹೊಲಕ್ಕೆ ಕರೆದುಕೊಂಡು ಹೋದರು. ಪಾಳಿಯಲ್ಲಿ ಒಂದು ಹೊಲ ಬೇರೆಯವರಿಗೆ ಹೋಗಿತ್ತು. ಉಳಿದವು ಇವರಿಗೇ ಇದ್ದವು. ಅದನ್ನು ಅವರು ದೂರಾಗಿ ಹೇಳಲಿಲ್ಲ, ದಾರಿಯ ಸುದ್ದಿ ಎಂಬಂತೆ ಹೇಳಿದರು.

ಹೊಲದ ಬದುವಿನಲ್ಲಿ ಯಂತ್ರ ನಿಂತಿತ್ತು. ಕ್ಯಾಬಿನ್ನಿನಲ್ಲಿ ಸೊಲ್ಲಾಪುರ ಕಡೆಯಿಂದ ಕರೆಸಿದ್ದ ಬೇರೊಬ್ಬ ಆಪರೇಟರ್ ಕೂತಿದ್ದ. ನಮ್ಮ ಆಪರೇಟರನೂ ಬಂದಿದ್ದ. ಕೈಯ ಬ್ಯಾಂಡೇಜು ಬಿಚ್ಚಿತ್ತು, ಹೊಸ ಚರ್ಮ ಕೆಂಪಗೆ ಮಿರುಗುತ್ತಿತ್ತು. ಬೇವಿನ ಗಿಡದ ಕೆಳಗೆ ಕೂತಿದ್ದ.

ಎಲ್ಲರನ್ನೂ ದೂರ ನಿಲ್ಲಿಸಿ ಎಂಜಿನ್ ಶುರು ಮಾಡಿಸಿದೆ. ಎಣ್ಣೆ ಬಿಸಿಯಾಗುವವರೆಗೆ ಖಾಲಿ ಓಡಿಸಿ, ಆಮೇಲೆ ಒಂದು ಸಾಲು ಕಬ್ಬಿಗೆ ಹಚ್ಚಿಸಿದೆ. ಯಂತ್ರ ಗುಡುಗುತ್ತಾ ಹೋಗಿ, ತುದಿಯಲ್ಲಿ ತಿರುಗಿ ಬಂತು. ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ನಾನು ಏಣಿಯ ಹತ್ತಿರ ಹೋದೆ. ಪಟ್ಟಿ ಬಿಚ್ಚಿ, ಪ್ಲಗ್ ಸುತ್ತ ಬಿಳಿ ಕಾಗದ ಒತ್ತಿ ತೆಗೆದೆ. ಕಾಗದಕ್ಕೆ ಧೂಳು ಹತ್ತಿತ್ತು, ಎಣ್ಣೆ ಹತ್ತಿರಲಿಲ್ಲ. ಪ್ಲಗ್ ಸರಿದಿಲ್ಲ ಎಂದು ಆಳದ ಗೇಜಿನಿಂದ ಅಳೆದು, ಪಟ್ಟಿಯನ್ನು ಮತ್ತೆ ಬಿಗಿದೆ.

ತಿರುಗಿ ನೋಡಿದರೆ ನಮ್ಮ ಆಪರೇಟರ್ ಹಿಂದೆಯೇ ನಿಂತಿದ್ದ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಕಡೆ ನೋಡಿದ. ಆಮೇಲೆ ಕ್ಯಾಬಿನ್ನಿನ ಕಡೆ ಮುಖ ಎತ್ತಿ, "ಇಳೀರಿ ಅಣ್ಣಾರ, ಚಹಾ ಕುಡೀರಿ," ಎಂದು ಸೊಲ್ಲಾಪುರದವನಿಗೆ ಹೇಳಿದ. ಅವನು ಮಾಲೀಕರ ಮುಖ ನೋಡಿದ. ಮಾಲೀಕರು ತಲೆಯಾಡಿಸಿದರು.

"ಕೈ ನೋಯ್ತೈತೇನು?" ಎಂದು ಕೇಳಿದೆ.

"ಸ್ವಲ್ಪ ಜಗ್ತೈತ್ರಿ." ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ. "ಅವತ್ತ ಒಳಗ ಹೋದ ಪ್ಲಗ್ ತಗಿಸಿದ್ರೆಲ್ಲ ಮೇಡಮ್ಮರ, ನಾ ಅವತ್ತ ರಾತ್ರಿ ಮನ್ಯಾಗ ಹೇಳಿದ್ನಿ, ಏರ್ತೇನಿ ಅಂತ. ಮಾಲಕರಿಗಿ ಹೇಳಿದ್ದಿಲ್ಲ."

"ಮತ್ತ ಇಷ್ಟೊತ್ತು ಗಿಡದ ಬುಡಕ್ಯಾಕ ಕುಂತಿದ್ದಿ?"

"ನೀವೂ ಈ ಪ್ಲಗ್ ಮುಂದ ಬರ್ತೀರೋ ಇಲ್ಲೋ ಅಂತ ನೋಡಾಕತ್ತಿದ್ನಿರಿ."

ಮೇಲೆ ಹತ್ತಿ ಕೂತ. ಕನ್ನಡಿ ಸರಿಮಾಡಿಕೊಂಡ. ಕಿಟಕಿಯಿಂದ ಹೊರಗೆ ಬಗ್ಗಿ, "ಇನ್ನಷ್ಟ ಹಿಂದಕ ಸರೀರಿ, ಕಬ್ಬಿನ ಒಣಾ ರವದಿ ಹಾರ್ತೈತಿ, ಕಣ್ಣಾಗ ಹೊಕ್ಕೀತು," ಎಂದು ಕೂಗಿದ. ನಾನು ಬದುವಿನ ಮೇಲಕ್ಕೆ ಸರಿದು ನಿಂತೆ. ಯಂತ್ರ ಎರಡನೇ ಸಾಲಿಗೆ ಹೊರಳಿತು.